ಕೆಂಪು ಗೆರೆ ಉಳಿಯುವಷ್ಟು ಚಿಕ್ಕದು

ನನ್ನ ಗಂಡ ಅಂಬರೀಶನ ಗಣಾರಾಧನೆ ಮುಗಿದು, ಬಂದ ನೆಂಟರೆಲ್ಲ ಊರು ಸೇರಿದ ಮರುದಿನ ಮಂಗಳವಾರ. ಹಾಲಿನವನು ಎಂದಿನಂತೆ ಎರಡು ಪಾಕೀಟು ಇಟ್ಟು ಹೋಗಿದ್ದಾನೆ. ಐದೂ ಇಪ್ಪತ್ತಕ್ಕೆ ಅಂಬರೀಶನ ಫೋನು ಒಮ್ಮೆ ನಡುಗುತ್ತದೆ. ಅದನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದವಳು ನಾನೇ. ಯಾಕೆಂದು ಗೊತ್ತಿಲ್ಲ. ತೆರೆದರೆ ಒಂದೇ ಸಾಲು: ಜಾಗ 94.

ಮೇಲಕ್ಕೆ ಸರಿಸುತ್ತೇನೆ. ನಿನ್ನೆ 93. ಮೊನ್ನೆಯೂ 93. ಅವನನ್ನು ಮಣ್ಣು ಮಾಡಿದ ದಿನ 87. ಮೂವತ್ತಾರರ ಮನುಷ್ಯ, ನಿದ್ದೆಯಲ್ಲಿ ಎದೆ ನಿಂತು ಹೋಗಿ ಹನ್ನೆರಡು ದಿನವಾಗಿದೆ. ಅಷ್ಟೂ ದಿನ ಯಾರೋ ಅವನಿಗೆ ಬೆಳಿಗ್ಗೆ ಬೆಳಿಗ್ಗೆ ಒಂದು ಅಂಕಿ ಕಳಿಸಿದ್ದಾರೆ. ಅಂಕಿ ಏರುತ್ತಿದೆ. ನೂರಾದರೆ ಏನು ಎಂದು ನನಗೆ ತಿಳಿಯದು.

ಅದೇ ಫೋನಿನಲ್ಲಿ 'ಸುಜಾತಾ, ಮಾನ್ವಿ' ಎಂಬ ಹೆಸರು ಪದೇ ಪದೇ ಇದೆ. ಅವನ ಹಳೆಯ ವಿದ್ಯಾರ್ಥಿನಿ. ಫೋನ್ ಮಾಡುತ್ತೇನೆ.

"ಅದು ಮಷೀನ್ ಕಳಸ್ತದ್ರಿ ಅಕ್ಕಾರ. ಸರ್‌ಗೂ ನನಗೂ. ಮನುಷ್ಯಾರು ಅಲ್ಲ, ಹೆದರಬ್ಯಾಡ್ರಿ."

"ನೂರಾದರೆ?"

"ಹಾವಿನ ಪೇಜು ನಿಂತುಹೋಗ್ತದ್ರಿ."

ಮರುದಿನ ಮೊದಲ ಬಸ್ಸಿಗೆ ರಾಯಚೂರಿನಿಂದ ಹೊರಡುತ್ತೇನೆ. ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. "ಇಷ್ಟ ಲಗೂನ ಹೊರಗ ಬೀಳಬೇಕೇನ ಬೇ?" ಪತ್ರಿಕೆಗೆ ಬರೆಯುವ ಕೆಲಸ ಇದೆ ಅನ್ನುತ್ತೇನೆ. ಆಗ ಅದು ಸುಳ್ಳಾಗಿತ್ತು.

ಮಾನ್ವಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಕೆಳಗೆ ಚಾಪೆ. ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸುಜಾತಾ ಕೂತಿದ್ದಾಳೆ. ಮೂವತ್ತೊಂದು ವರ್ಷ. ಹೊಸ್ತಿಲಲ್ಲಿ ಅವಳ ತಾಯಿ ದುರುಗಮ್ಮ ಚಹಾ ಸೋಸುತ್ತಿದ್ದಾಳೆ. ಫೋಟೊಗಳು ಬರತೊಡಗುತ್ತವೆ.

ರಾಯಚೂರು, ದೇವದುರ್ಗ, ಮಾನ್ವಿ ಮೂರೂ ತಾಲ್ಲೂಕು ಸೇರಿ ಮೂವತ್ತೊಂದು ಆಸ್ಪತ್ರೆ, ಆರೋಗ್ಯ ಕೇಂದ್ರಗಳು. ಪ್ರತಿ ಬೆಳಿಗ್ಗೆ ಅಲ್ಲಿನ ಫಾರ್ಮಸಿಸ್ಟ್ ಅಥವಾ ಸಿಸ್ಟರ್ ಫ್ರಿಜ್ ತೆಗೆದು, ಹಾವಿನ ಇಂಜೆಕ್ಷನ್ ಬಾಟಲಿ ಎಷ್ಟಿವೆ ಎಂದು ಎಣಿಸಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಆ ಪುಟದ ಫೋಟೊ ತೆಗೆದು ನೇರವಾಗಿ ವೆಬ್‌ಸೈಟಿಗೆ ಹಾಕುತ್ತಾರೆ. ಸುಜಾತಾ ಒಂದೊಂದನ್ನೂ ನೋಡಿ ಅಂಕಿ ಟೈಪು ಮಾಡುತ್ತಾಳೆ. ಏಳಕ್ಕೆ ಮೊದಲು, ಅಂದರೆ ಜನ ಗದ್ದೆಗೆ ಇಳಿಯುವ ಮೊದಲು, ಪೇಜು ಸಿದ್ಧವಿರಬೇಕು. ಹಾವು ಕಚ್ಚಿದರೆ ಯಾವ ಕಡೆ ಗಾಡಿ ತಿರುಗಿಸಬೇಕು ಎಂಬುದು ಅದರಲ್ಲಿರುತ್ತದೆ. ಅಷ್ಟೇ ಅದರ ಕೆಲಸ.

ಫೋಟೊದಲ್ಲಿ ರಿಜಿಸ್ಟರ್ ಮಾತ್ರ ಇರುವುದಿಲ್ಲ. ಹೆಬ್ಬೆರಳು ಇರುತ್ತದೆ, ಚಹಾದ ಲೋಟ ಇರುತ್ತದೆ, ಇವತ್ತು ಒಂದರಲ್ಲಿ ಬೆಕ್ಕಿನ ಬಾಲವಿದೆ.

"ಈ ಸಿಸ್ಟರ್ ಮೆಹಂದಿ ನೋಡ್ರಿ. ಮನ್ಯಾಗ ಮದುವಿ ಆಗ್ಯದ. ಇವರ ಮುಖ ನಾ ಒಮ್ಮೀನೂ ನೋಡಿಲ್ಲ, ಬೆರಳು ಗೊತ್ತದ," ಅನ್ನುತ್ತಾಳೆ ಸುಜಾತಾ.

ಇದಕ್ಕೆ ಅವಳಿಗೆ ಯಾರೂ ಸಂಬಳ ಕೊಡುವುದಿಲ್ಲ. ಒಂಬತ್ತಕ್ಕೆ ಅವಳು ತಹಶೀಲ್ ಕಚೇರಿ ಎದುರಿನ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗೆ ಹೋಗಬೇಕು. ಜಾತಿ ಪ್ರಮಾಣಪತ್ರ, ಪಹಣಿ, ಪರೀಕ್ಷೆ ಅರ್ಜಿ. ಸಂಜೆ ಏಳರವರೆಗೆ ಅದೇ.

ಅವರ ಊರು ಮಲ್ಲಟ. ಒಂಬತ್ತು ವರ್ಷದ ಹಿಂದೆ ಭತ್ತದ ಸಸಿ ಕೀಳುವಾಗ ದುರುಗಮ್ಮನ ಬಲಗೈಗೆ ಹಾವು ಕಚ್ಚಿತು. ಟಂಟಂ ಗಾಡಿಯಲ್ಲಿ ಮಲಗಿಸಿಕೊಂಡು ಸುಜಾತಾ ಮೂರು ಕಡೆ ಅಲೆದಳು. ನಾಲ್ಕನೆಯ ಕಡೆ ಔಷಧ ಸಿಕ್ಕಿತು. ದುರುಗಮ್ಮನ ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ. ಅದೇ ಕೈಯಲ್ಲಿ ಬಸಿ ಹಿಡಿದು ನನಗೆ ಚಹಾ ಕೊಡುತ್ತಾಳೆ.

"ಹಾವು ಕಚ್ಚಿದ್ದು ಒಂದ ಸಲ ಯವ್ವಾ. ಇಲ್ಲ ಇಲ್ಲ ಅಂದಿದ್ದು ಮೂರ ಸಲ. ನನಗ ಇನ್ನಾ ಆ ಮೂರ ಕೇಳಿಸ್ತಾವು."

ಮುಂದೆ ರಾಯಚೂರಿನಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸಿಗೆ ಸೇರಿದಾಗ ಸುಜಾತಾ ಇದನ್ನು ತನ್ನ ಮೇಷ್ಟರಿಗೆ ಹೇಳಿದಳು. ಮೇಷ್ಟರು ಅಂಬರೀಶ. ಇಬ್ಬರೂ ಕೂತು ಪೇಜು ಕಟ್ಟಿದರು. ಮೂರು ವರ್ಷ ನಡೆದಿದೆ. ನನಗೆ ಗೊತ್ತಿದ್ದದ್ದು, ಅವನು ಬೆಳಿಗ್ಗೆ ಬೇಗ ಏಳುತ್ತಾನೆ ಎಂಬುದಷ್ಟೇ.

ಪೇಜು ಎಲ್ಲಿದೆ ಎಂದು ಕೇಳುತ್ತೇನೆ. ಗಾಳಿಯಲ್ಲಿ ಇರುವುದಿಲ್ಲ ಎಂದು ಆಕೆ ನಗುತ್ತಾಳೆ. ಎಲ್ಲೋ ಒಂದು ಯಂತ್ರದ ಡಿಸ್ಕಿನಲ್ಲಿ ಇರಬೇಕು. ಆ ಯಂತ್ರವನ್ನು ಬಾಡಿಗೆ ಹಿಡಿದವರು ರಾಯಚೂರಿನ ಕೊಟ್ರೇಶ. ಅಕ್ಕಿ ಮಿಲ್ಲುಗಳ ವೆಬ್‌ಸೈಟು ನೋಡಿಕೊಳ್ಳುವುದು ಅವರ ಉದ್ಯೋಗ. ಅದರಲ್ಲೇ ಇಪ್ಪತ್ತು ಜಿಬಿಯ ಒಂದು ಮೂಲೆಯನ್ನು ಹಾವಿನ ಪೇಜಿಗೆ ಸುಮ್ಮನೆ ಬಿಟ್ಟುಕೊಟ್ಟಿದ್ದಾರೆ. ಆ ಮೂಲೆ ಈಗ ತುಂಬುತ್ತಿದೆ; ನೂರಕ್ಕೆ ಎಷ್ಟು ಪಾಲು ತುಂಬಿತು ಎಂಬುದೇ ಬೆಳಗಿನ ಆ ಅಂಕಿ. ಪೂರ್ತಿ ತುಂಬಿದರೆ ಹೊಸ ಫೋಟೊ ಒಳಗೆ ಬರುವುದಿಲ್ಲ. ಮಿಲ್ಲಿನವರ ಮೇಲ್‌ಗಳೂ ಸಿಕ್ಕಿಕೊಳ್ಳುತ್ತವೆ.

ನಾವು ಮಾತಾಡುವಾಗಲೇ ಅವರ ಫೋನು. ಸುಜಾತಾ ಸ್ಪೀಕರ್ ಹಾಕುತ್ತಾಳೆ.

"ತಂಗಿ, ನಿಮ್ಮ ಹಾವು ನಮ್ಮ ಅಕ್ಕಿ ನುಂಗಾಕತ್ತಾವ ನೋಡು."

"ಒಂದ್ ವಾರ ಕೊಡ್ರಿ ಅಣ್ಣಾ."

"ಅಂಬರೀಶ ಇದ್ದಿದ್ರ ನಾ ಕೇಳ್ತಿರಲಿಲ್ಲ. ಮಾಲಕರು ನನ್ನ ಕುತ್ತಿಗಿ ಮ್ಯಾಲ ಕುಂತಾರ. ಮುಂದಿನ ಬುಧವಾರದೊಳಗ ಕಡಿಮಿ ಆಗಬೇಕು. ಇಲ್ಲಂದ್ರ ಬಂದ್ ಮಾಡ್ತೀನಿ. ಸಿಟ್ಟಾಗಬ್ಯಾಡ."

ಸುಜಾತಾ ಸಿಟ್ಟಾಗುವುದಿಲ್ಲ. ಅಂಕಿ ಟೈಪು ಮಾಡುತ್ತಾಳೆ.

ಫೋಟೊ ಕುಗ್ಗಿಸಿದರೆ ಆಗದೇ ಎಂದು ನಾನು ಕೇಳಬಾರದಿತ್ತು. ಕೇಳಿಬಿಡುತ್ತೇನೆ. ಆಕೆ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯುತ್ತಾಳೆ.

"ಕುಗ್ಗಸೂದರಾಗ ಎರಡು ನಮೂನಿ ಅದಾವ್ರಿ. ಒಂದು ಹತ್ತಿ ಪ್ರೆಸ್ಸಿಂದು. ಇನ್ನೊಂದು ಅಕ್ಕಿ ಮಿಲ್ಲಿಂದು."

ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಲಾರಿ ತುಂಬುವ ಹತ್ತಿಯನ್ನು ಪ್ರೆಸ್ಸಿಗೆ ಹಾಕಿದರೆ ಮೂಲೆಯಲ್ಲಿ ನಿಲ್ಲುವ, ಬಿಗಿದು ಕಟ್ಟಿದ ಅಂಡಿಗೆಯಾಗುತ್ತದೆ. ಕಟ್ಟು ಬಿಚ್ಚಿದರೆ ಹತ್ತಿ ಅಷ್ಟಕ್ಕಷ್ಟೂ ಇರುತ್ತದೆ. ಪೇಜಿನ ಅಕ್ಷರಗಳಿಗೆ ಅವಳು ಹಾಗೆ ಮಾಡುತ್ತಾಳೆ. 'ಆರೋಗ್ಯ ಕೇಂದ್ರ' ಎಂಬುದು ಪೇಜಿನಲ್ಲಿ ಹತ್ತಾರು ಸಲ ಬರುತ್ತದೆ. ಯಂತ್ರ ಅದನ್ನು ಒಮ್ಮೆ ಬರೆದುಕೊಂಡು, ಉಳಿದ ಕಡೆ ಬರೀ ಗುರುತು ಹಾಕಿ ಕಳಿಸುತ್ತದೆ. ನೋಡುವವರ ಫೋನು ಅದನ್ನು ಬಿಚ್ಚಿಕೊಳ್ಳುತ್ತದೆ. ತೊಂಬತ್ತಾರು ಕೆಬಿ ಇದ್ದದ್ದು ಹನ್ನೊಂದಾಗುತ್ತದೆ. ಸಿಗ್ನಲ್ಲಿನ ಒಂದೇ ಕಡ್ಡಿ ಇರುವ ಹೊಲದಲ್ಲೂ ಮೂರು ಸೆಕೆಂಡಿಗೆ ತೆರೆಯುತ್ತದೆ. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಒಂದೇ ಹೊತ್ತಿಗೆ ನೂರಾರು ಜನ ತೆರೆದರೂ ಯಂತ್ರಕ್ಕೆ ಉಸಿರು ಕಟ್ಟುವುದಿಲ್ಲ.

ಫೋಟೊಗೆ ಅದು ಸಾಲದು. ಫೋಟೊವನ್ನು ಮಿಲ್ಲಿಗೇ ಹಾಕಬೇಕು. ಭತ್ತದಿಂದ ಹೊಟ್ಟು ಹೋಗುತ್ತದೆ, ಪಾಲಿಶ್ ಮಾಡಿದರೆ ತೌಡು ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಕಣ್ಣಿಗೆ ಬೇಕಿಲ್ಲದ್ದನ್ನು ಯಂತ್ರವೇ ಆರಿಸಿ ಬಿಸಾಕುತ್ತದೆ. ಯಾವುದು ಬೇಡ ಎಂದು ಅದು ಯಾರನ್ನೂ ಕೇಳುವುದಿಲ್ಲ.

ಜೂನ್ ತಿಂಗಳವರೆಗೂ ಹಾಗೆಯೇ ನಡೆದಿತ್ತು. ನಾಲ್ಕು ಎಂಬಿಯ ಫೋಟೊ ಬಂದ ಕೂಡಲೆ ಇಪ್ಪತ್ತು ಕೆಬಿ ಆಗುತ್ತಿತ್ತು. ಸುಜಾತಾ ನೋಡುತ್ತಿದ್ದದ್ದೂ ಆ ಚಿಕ್ಕದನ್ನೇ. ಬಾಟಲಿ ಮುಗಿದರೆ ಅಂಕಿಯ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಅಡ್ಡ ಗೆರೆ ಎಳೆಯುವುದು ಈ ಕೇಂದ್ರಗಳ ರೂಢಿ. ಸೊನ್ನೆ ಬರೆಯುವುದಿಲ್ಲ. ಜೂನ್ ಎರಡನೇ ವಾರ, ದೇವದುರ್ಗ ತಾಲ್ಲೂಕಿನ ಒಂದು ಕೇಂದ್ರದ ಫಾರ್ಮಸಿಸ್ಟ್ ವಲಿ ಪಾಷಾ ಹಾಗೆಯೇ ಎಂಟರ ಮೇಲೆ ಸಣ್ಣ ಕೆಂಪು ಗೆರೆ ಎಳೆದು ಫೋಟೊ ಹಾಕಿದರು. ಕುಗ್ಗಿದ ಫೋಟೊದಲ್ಲಿ ಎಂಟು ಉಳಿಯಿತು. ಗೆರೆ ಉಳಿಯಲಿಲ್ಲ. ಸುಜಾತಾ ಎಂಟು ಎಂದು ಟೈಪು ಮಾಡಿದಳು.

ಅವತ್ತು ಮಧ್ಯಾಹ್ನ ಯಂಕೋಬ ಎಂಬ ಕೂಲಿಕಾರನಿಗೆ ಕೊಳಕುಮಂಡಲ ಕಚ್ಚಿತು. ಮನೆಯವರು ಪೇಜು ನೋಡಿದರು, ಎಂಟು ಇದೆ ಎಂದು ಅಲ್ಲಿಗೆ ಓಡಿದರು. ಅಲ್ಲಿಂದ ಬೇರೆ ಕಡೆಗೆ ಹೋಗುವಷ್ಟರಲ್ಲಿ ಐವತ್ತು ನಿಮಿಷ ಕಳೆದಿತ್ತು.

ಯಂಕೋಬ ಬದುಕಿದ್ದಾನೆ. ಹದಿನೈದು ದಿನ ಡಯಾಲಿಸಿಸ್ ಆಯಿತು. ಎಡಗಾಲಿನ ಎರಡು ಬೆರಳು ತೆಗೆದಿದ್ದಾರೆ. ಸುಜಾತಾ ಆಸ್ಪತ್ರೆಗೆ ಹೋಗಿ, ತಪ್ಪು ನನ್ನದು ಎಂದು ಅವನೆದುರು ನಿಂತಿದ್ದಳಂತೆ. ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ನನ್ನೆದುರು ಮಾಡಿದಾಗ ಅವನ ದನಿ ಕೇಳಿಸಿತು.

"ಏನವಾ ಕಂಪ್ಯೂಟರ್ ಬಾಯಿ, ಕಣ್ಣು ಕಾಣ್ತಾವೇನು ಈಗ?"

"ಕಾಣ್ತಾವು ಮಾವಾ. ಕಾಲು ಹ್ಯಾಂಗದ?"

"ಎಂಟು ಬೆರಳು ಅದಾವು. ಎಣಿಸಿ ಬರಕೋ, ಮತ್ತ ತಪ್ಪೀಯ."

ಅವನು ನಗುತ್ತಾನೆ. ಅವಳು ನಗುವುದಿಲ್ಲ.

ಜೂನಿನ ಆ ದಿನವೇ ಅವಳು ಕುಗ್ಗಿಸುವುದನ್ನು ನಿಲ್ಲಿಸಿದಳು. ಅಂಬರೀಶ ಬೇಡ ಅಂದರೂ ಕೇಳಲಿಲ್ಲವಂತೆ. ಅಂದಿನಿಂದ ಪ್ರತಿ ಫೋಟೊ ಇದ್ದಷ್ಟೇ ದೊಡ್ಡದಾಗಿ ಡಿಸ್ಕಿನಲ್ಲಿ ಕೂತಿದೆ. ದಿನಕ್ಕೆ ಮೂವತ್ತೊಂದು, ನೂರಿಪ್ಪತ್ತು ಎಂಬಿಗೂ ಮೇಲೆ. ಐದು ತಿಂಗಳಲ್ಲಿ ನಾಲ್ಕು ಸಾವಿರದ ಏಳುನೂರ ಹನ್ನೆರಡು ಫೋಟೊ. ಒಂದನ್ನೂ ಅಳಿಸಿಲ್ಲ. ಯಾರಾದರೂ ಬಂದು, ನೀವು ಇದೆ ಎಂದಿದ್ದಿರಿ ಅಂದರೆ ತೋರಿಸಬೇಕಲ್ಲ.

ಆದರೆ ದೊಡ್ಡ ಫೋಟೊ ಜಾಗ ತಿನ್ನುವುದಷ್ಟೇ ಅಲ್ಲ. ಈ ಕಡೆಯ ಜನ ಟೈಪು ಮಾಡಿದ ಅಂಕಿಯನ್ನು ನಂಬುವುದಿಲ್ಲ. ಕೈಯಲ್ಲಿ ಬರೆದದ್ದನ್ನು ನೋಡದೆ ಗಾಡಿ ಹತ್ತುವುದಿಲ್ಲ. ಅಂಕಿಯನ್ನು ಮುಟ್ಟಿದರೆ ರಿಜಿಸ್ಟರಿನ ಫೋಟೊ ತೆರೆಯಬೇಕು. ನಾಲ್ಕು ಎಂಬಿಯ ಫೋಟೊ ಹೊಲದ ಬದುವಿನಲ್ಲಿ ತೆರೆಯಲು ಒಂದೂವರೆ ನಿಮಿಷ, ಕೆಲವು ಸಲ ಮೂರು.

ಸುಜಾತಾ ಇನ್ನೊಂದು ಪುಟ ತೋರಿಸುತ್ತಾಳೆ. ಯಾರು ಎಂದು ಗೊತ್ತಾಗುವುದಿಲ್ಲ, ಯಾವಾಗ ತೆರೆದರು ಎಂಬುದು ಮಾತ್ರ ಅದರಲ್ಲಿರುತ್ತದೆ. ಹಿಂದಿನ ದಿನ ಸಂಜೆ ಆರೂ ನಲವತ್ತಕ್ಕೆ ಒಬ್ಬರು ಪೇಜು ತೆರೆದಿದ್ದಾರೆ. ಫೋಟೊ ಮುಟ್ಟಿದ್ದಾರೆ. ನಾಲ್ಕರಲ್ಲಿ ಒಂದು ಎಂಬಿ ಹೋಗಿದೆ. ಅಲ್ಲಿಗೆ ನಿಂತಿದೆ.

"ಯಾಕ ಮುಚ್ಚಿದ್ರೋ ಗೊತ್ತಾಗೂದಿಲ್ರಿ. ಸಿಗ್ನಲ್ ಹೋತೋ, ಸಾಕಾತೋ, ಗಾಡಿ ಸಿಕ್ತೋ. ಹಿಂಗ ಬಂದಾಗೆಲ್ಲ ನಾ ಪೇಪರ್ ತರಸ್ತೀನಿ. ಎಲ್ಲಿ ಯಾರು ಅಂತ ನೋಡ್ತೀನಿ."

ನಾನು ಆ ಸಾಲನ್ನು ನೋಡುತ್ತಲೇ ಇರುತ್ತೇನೆ. ಒಬ್ಬ ಮನುಷ್ಯ ಎಲ್ಲೋ ನಿಂತು ಕಾದಿದ್ದಾನೆ. ಆಮೇಲೆ ಕಾಯುವುದನ್ನು ಬಿಟ್ಟಿದ್ದಾನೆ. ಹೊರಗೆ ದುರುಗಮ್ಮ ಸೌದೆ ಎಳೆಯುವ ಸದ್ದಿಗೂ ಬೆಚ್ಚುತ್ತೇನೆ.

ಕುಗ್ಗಿಸಿದರೆ ಗೆರೆ ಹೋಗುವ ಭಯ. ಕುಗ್ಗಿಸದಿದ್ದರೆ ಪೇಜೇ ಹೋಗುವ ಭಯ. ಗುರುವಾರ 95. ಅವಳು ಅಂಗಡಿಗೆ ರಜೆ ಹೇಳುತ್ತಾಳೆ. ನಾನೂ ಅಲ್ಲೇ ಉಳಿಯುತ್ತೇನೆ.

ಕೆಲಸ ಶುರುವಾಗುವುದು ಕತ್ತರಿಯಿಂದ. ರಿಜಿಸ್ಟರಿನ ಇಡೀ ಪುಟ, ಲೋಟ, ಬೆಕ್ಕು ಯಾರಿಗೂ ಬೇಡ. ಹಾವಿನ ಇಂಜೆಕ್ಷನ್ ಇರುವ ಒಂದು ಸಾಲು, ತಾರೀಖು, ಸಹಿ ಸಾಕು. ಅಷ್ಟನ್ನೇ ಕತ್ತರಿಸಿಕೊಳ್ಳುತ್ತಾಳೆ. ಅದನ್ನು ಸ್ವಲ್ಪ ಸ್ವಲ್ಪವಾಗಿ ಕುಗ್ಗಿಸುತ್ತಾಳೆ. ಬಣ್ಣವನ್ನು ಹೆಚ್ಚು ಮುಟ್ಟಗೊಡುವುದಿಲ್ಲ. ಯಂತ್ರ ಮೊದಲು ಕದಿಯುವುದು ಸಣ್ಣ ಗೆರೆಯ ಬಣ್ಣವನ್ನೇ ಎಂದು ಜೂನಿನಲ್ಲಿ ಕಲಿತಿದ್ದಾಳೆ. ಪ್ರತಿ ಹಂತಕ್ಕೂ ಹಳೆಯ, ಪರದೆ ಒಡೆದ ಫೋನಿನಲ್ಲಿ ತೆರೆದು ತಾಯಿಯ ಮುಂದೆ ಹಿಡಿಯುತ್ತಾಳೆ. ದುರುಗಮ್ಮನಿಗೆ ಓದಲು ಬರುವುದಿಲ್ಲ. ಒಂದು ಕಣ್ಣಿನಲ್ಲಿ ಪೊರೆ ಇದೆ.

"ಯವ್ವಾ, ಗೆರಿ ಅದನೋ ಇಲ್ಲೋ?"

"ಅದ. ಕೆಂಪು ಇರಿವಿ ಮಲಗಿದಂಗ ಅದ."

ಇನ್ನಷ್ಟು ಕುಗ್ಗಿಸುತ್ತಾಳೆ.

"ಈಗ?"

"ಅದ. ಇರಿವಿ ಸತ್ತದ."

"ಈಗ?"

"ಏನದು? ಸಾರಿನ ಕಲಿ ಆಗ್ಯದ. ನನ್ನ ಕಣ್ಣು ಕೀಳಬೇಕಂತ ಮಾಡೀಯೇನ?"

ಸುಜಾತಾ ಎರಡು ಹಂತ ಹಿಂದಕ್ಕೆ ಬರುತ್ತಾಳೆ. ಬಿಸಿಲಿನಲ್ಲಿ ಒಮ್ಮೆ, ಕತ್ತಲ ಮೂಲೆಯಲ್ಲಿ ಒಮ್ಮೆ. ಇಂಥ ಮೂವತ್ತು ಗೆರೆಗಳು. ಕೆಲವನ್ನು ಗೆರೆಯೇ ಇಲ್ಲದೆ ತೋರಿಸಿ ತಾಯಿಯನ್ನು ಮೋಸಗೊಳಿಸಲು ನೋಡುತ್ತಾಳೆ. ದುರುಗಮ್ಮ ಮೋಸ ಹೋಗುವುದಿಲ್ಲ. ಶುಕ್ರವಾರ ಸಂಜೆಗೆ ಲೆಕ್ಕ ನಿಲ್ಲುತ್ತದೆ: ಒಂದು ಫೋಟೊಗೆ ತೊಂಬತ್ತು ಕೆಬಿ. ಮೊದಲಿನ ಇಪ್ಪತ್ತಕ್ಕಿಂತ ದೊಡ್ಡದು, ನಾಲ್ಕು ಎಂಬಿಯ ನಲವತ್ತರಲ್ಲಿ ಒಂದು ಪಾಲು.

ಶನಿವಾರ 96. ಒಂದು ಗುಂಡಿ ಒತ್ತಿದರೆ ಯಂತ್ರ ಎಲ್ಲವನ್ನೂ ಒಂದೇ ಏಟಿಗೆ ಕುಗ್ಗಿಸಿ ದೊಡ್ಡದನ್ನು ಅಳಿಸುತ್ತದೆ. ಆಕೆ ಒತ್ತುವುದಿಲ್ಲ. ದೊಡ್ಡ ಫೋಟೊಗಳನ್ನು ಮೊದಲು ಮನೆಯ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುತ್ತಾಳೆ. ಅಷ್ಟಾಗುವುದರಲ್ಲಿ ಭಾನುವಾರ ಬೆಳಗು. ಅಂಕಿ 97. ಆಮೇಲೆ ದೊಡ್ಡದನ್ನೂ ಚಿಕ್ಕದನ್ನೂ ಪಕ್ಕಪಕ್ಕ ಇಟ್ಟು ಕಣ್ಣಿನಿಂದ ನೋಡುತ್ತಾಳೆ. ಸರಿ ಇದ್ದರೆ ಮಾತ್ರ ಅಳಿಸುವುದು. ನಾಲ್ಕು ಸಾವಿರದ ಏಳುನೂರ ಹನ್ನೆರಡನ್ನೂ ಹಾಗೆಯೇ.

ನಾನೂ ಪಕ್ಕದಲ್ಲಿ ಕೂರುತ್ತೇನೆ. ಮೊದಲ ಫೋಟೊ ಅಳಿಸುವಾಗ ಅವಳ ಬೆರಳು ಗುಂಡಿಯ ಮೇಲೆ ನಿಂತೇ ಇತ್ತು.

"ಒರಸಾಕ ಕೈ ಬರೂದಿಲ್ರಿ ಅಕ್ಕಾರ. ಎರಡು ಕಡಿ ಇಟ್ಟೀನಿ, ಗೊತ್ತದ. ಆದ್ರೂ ಬರೂದಿಲ್ಲ."

ನನಗೂ ಬರುವುದಿಲ್ಲ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಒತ್ತಿದಳು.

ಕೆಂಪು ಗೆರೆ ಇದ್ದ ಫೋಟೊಗಳು ಮುನ್ನೂರ ಹನ್ನೊಂದು. ಮುನ್ನೂರ ಎಂಟರಲ್ಲಿ ಗೆರೆ ಕಂಡಿತು. ಮೂರರಲ್ಲಿ ಕಾಣಲಿಲ್ಲ. ಒಣಗಿದ ಪೆನ್ನು, ಕಡಿಮೆ ಬೆಳಕು. ಆ ಮೂರನ್ನು ಕುಗ್ಗಿಸದೆ ಹಾಗೆಯೇ ಬಿಟ್ಟಳು. ಮೂರು ಇದ್ದವೆಂದರೆ ನಾಳೆಯೂ ಒಂದು ಬರಬಹುದು. ಹಾಗಾಗಿ ಹೊಸ ನಿಯಮ ಮಾಡಿಕೊಂಡಿದ್ದಾಳೆ. ಫೋಟೊ ಬಂದ ಕೂಡಲೆ ಯಂತ್ರ ಕುಗ್ಗಿಸುವುದಿಲ್ಲ. ಮೊದಲು ದೊಡ್ಡದನ್ನು ಆಕೆ ನೋಡಬೇಕು, ಅಂಕಿ ಬರೆಯಬೇಕು, ಆಮೇಲೆ ಕುಗ್ಗಿಸಿ ಮತ್ತೊಮ್ಮೆ ನೋಡಬೇಕು. ಬೆಳಗಿನ ಕೆಲಸ ನಲವತ್ತು ನಿಮಿಷ ಹೆಚ್ಚಾಗಿದೆ. ನಾಲ್ಕೂವರೆಗೆ ಏಳುತ್ತಾಳೆ. ಸಿಸ್ಟರುಗಳಿಂದ ಬೈಸಿಕೊಂಡೂ ಫೋಟೊ ಬೇಗ ತರಿಸುತ್ತಾಳೆ.

ಮಂಗಳವಾರ ಸಂಜೆ ಕೆಲಸ ಮುಗಿಯುತ್ತದೆ. ಬುಧವಾರ ಐದೂ ಇಪ್ಪತ್ತಕ್ಕೆ ಅವಳದೂ ಅಂಬರೀಶನದೂ ಎರಡು ಫೋನುಗಳೂ ಒಟ್ಟಿಗೆ ನಡುಗುತ್ತವೆ. ಜಾಗ 4.

ಕೊಟ್ರೇಶ ಫೋನ್ ಮಾಡುತ್ತಾರೆ. "ಏನು ಮಾಡಿದಿ ತಂಗಿ? ಎಲ್ಲಾ ಒರಸಿಬಿಟ್ಟಿಯೇನು?"

"ಒಂದೂ ಒರಸಿಲ್ಲ ಅಣ್ಣಾ. ಮಡಿಚಿಟ್ಟೀನಿ."

ಮಲ್ಲಟದ ಹೊಲವೊಂದರಿಂದ ಅವಳ ಚಿಕ್ಕಮ್ಮ ಪೇಜು ತೆರೆದು ನೋಡುತ್ತಾಳೆ. ಫೋಟೊ ಮುಟ್ಟಿ ನಾಲ್ಕು ಎಣಿಸುವುದರಲ್ಲಿ ತೆರೆಯಿತಂತೆ. ಈ ವರ್ಷದ ಕೊಯ್ಲು ಇನ್ನೂ ಅರ್ಧವಿದೆ. ಭತ್ತ ಕೊಯ್ದ ಗದ್ದೆಯಲ್ಲಿ ಇಲಿ, ಇಲಿಯ ಹಿಂದೆ ಹಾವು. ನಿಮ್ಮ ಆಸೆ ಏನು ಎಂದು ಇಂಥ ಬರಹಗಳಲ್ಲಿ ಕೇಳುವುದು ವಾಡಿಕೆ. ಕೇಳಿದೆ.

"ಆ ಪೇಜು ಯಾರೂ ತೆರೀಬಾರದ್ರಿ. ಆದ್ರ ಯಾರರ ತೆರೆದ್ರ, ತೆರೀಬೇಕು. ಅಷ್ಟ."

ಚಹಾ ಕುಡಿದು ಹೊರಡಲು ಎದ್ದಾಗ ಅವಳು ಬಾಗಿಲ ತನಕ ಬಂದು ನಿಂತಳು.

"ಒಂದ್ ಮಾತು ಅಕ್ಕಾರ. ಸರ್ ಹೋದ ತಿಂಗಳು ವಲಿ ಪಾಷಾ ಅಣ್ಣಾರ ಕಡಿಂದ ಜೂನಿನ ರಿಜಿಸ್ಟರ್ ಇಸಗೊಂಡು ಬಂದಿದ್ರು. ಗೆರಿ ಎಷ್ಟರ ತನಕಾ ಉಳೀತದ ಅಂತ ನೋಡ್ತೀನಿ, ನೀ ಹೆದರಬ್ಯಾಡ ಅಂದಿದ್ರು. ಸರ್ಕಾರಿ ರಿಜಿಸ್ಟರ್ ಅದು. ಸೋಮವಾರ ತಪಾಸಣಿ ಅದ. ಅಣ್ಣಾರು ನಿಮ್ಮನ್ನ ಕೇಳವಲ್ರು. ನನಗೂ ಕೇಳಬ್ಯಾಡ ಅಂದಾರ. ಹೋದ್ರ ನೌಕರಿ ಹೋಗಲಿ ಅಂತಾರ."

ರಿಜಿಸ್ಟರ್ ನಮ್ಮ ಮನೆಯಲ್ಲೇ, ಅಂಬರೀಶನ ಬಟ್ಟೆಯ ಕಪಾಟಿನಲ್ಲಿ ಇಸ್ತ್ರಿ ಅಂಗಿಗಳ ಕೆಳಗೆ ಸಿಕ್ಕಿತು. ಹಳೆಯ ಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದ. ಆ ಕಪಾಟನ್ನು ನಾನು ಅಲ್ಲಿಯವರೆಗೆ ತೆರೆದಿರಲಿಲ್ಲ.

ಶನಿವಾರ ಸುಜಾತಾ ಮತ್ತು ನಾನು ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಟಂಟಂ ಹಿಡಿದು ಕೇಂದ್ರ ತಲುಪಿದೆವು. ವಲಿ ಪಾಷಾ ಐವತ್ತು ದಾಟಿದವರು. ನನ್ನನ್ನು ನೋಡಿ ಎದ್ದು ನಿಂತು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದರು. ನಾನು ರಿಜಿಸ್ಟರ್ ಕೊಟ್ಟೆ. ಅವರು ಎರಡೂ ಕೈಯಲ್ಲಿ ಈಸಿಕೊಂಡರು. ಹೆಬ್ಬೆರಳು ಒದ್ದೆ ಮಾಡಿಕೊಂಡು ಹಾಳೆ ಎಣಿಸಿದರು. ನೂರೂ ಇದ್ದವು.

"ಮಾಫ್ ಮಾಡ್ರಿ ಬಾಯಿ. ಎಣಿಸಬಾರದಿತ್ತು. ರೂಢಿ."

ಆಮೇಲೆ ಇನ್ನೊಂದು ಸಣ್ಣ ಪುಸ್ತಕ ತೆಗೆದರು. ಕೇಂದ್ರದಿಂದ ಹೊರಗೆ ಹೋದ ವಸ್ತುಗಳ ಪುಸ್ತಕ. ಒಯ್ದವರ ಸಹಿಯ ಕಾಲಮ್ಮಿನಲ್ಲಿ ಅಂಬರೀಶನ ಸಹಿ. ಕೊನೆಯ ಅಕ್ಷರವನ್ನು ಎಂದಿನಂತೆ ಉದ್ದಕ್ಕೆ ಎಳೆದಿದ್ದ. ಅದರ ಪಕ್ಕ, ತಿರುಗಿ ತಂದವರ ಕಾಲಮ್ಮು ಖಾಲಿ. ಪೆನ್ನು ಹಿಡಿದು, ಅಲ್ಲಿ ಅವನ ಹೆಸರನ್ನೇ ಬರೆಯಲು ಹೊರಟಿದ್ದೆ.

"ಹಂಗಲ್ರಿ," ಎಂದು ವಲಿ ಪಾಷಾ ಮೆಲ್ಲಗೆ ತಡೆದರು. "ಒಯ್ದವ್ರು ಅವರು. ತಂದವ್ರು ನೀವು. ನಿಮ್ಮ ಹೆಸರು ಬರೀರಿ."

ಬರೆದೆ.